ಚಿತ್ರಲೇಖನದಲ್ಲಿ ‘ಮೀರು’ ಮತ್ತು ‘ಮೀರಿಸು’

ಆಂಗ್ಲಭಾಷೆಯಲ್ಲಿ ‘ಔಟ್’ ಎಂಬ ಶಬ್ದವನ್ನು ಕ್ರಿಯಾಪದದ ಮೊದಲಲ್ಲಿ ಸೇರಿಸಿ, ಆ ಕ್ರಿಯೆಯಲ್ಲಿ ಮತ್ತೊಬ್ಬನನ್ನು ಹಿಂದೆ ಹಾಕುವುದೆಂಬ ಅರ್ಥವನ್ನು ಪಡೆಯುವ ಕ್ರಮವುಂಟು. ಓಟದಲ್ಲಿ ಹಿಂದಿಕ್ಕುವುದು ‘ಔಟ್‌ರನ್’. ಚಿತ್ರ ಬರೆಯುವುದರಲ್ಲಿ ಹಿಂದಿಕ್ಕುವುದು ‘ಔಟ್‌ಪೇಂಟ್’. ಈ ಎರಡನೆಯ ಶಬ್ದವು ಆ ಭಾಷೆಯಲ್ಲಿಯೂ ವಿರಳಪ್ರಯೋಗವುಳ್ಳದ್ದೇ. ಆದರೂ ಕನ್ನಡದಲ್ಲಿ ಅದಕ್ಕೆ ಸಮನಾದ ಪದ ಯಾವುದೆಂದು ವಿಚಾರಿಸಿದರೆ, ಕೇವಲ ನಿಘಂಟಿನ ಒಂದು ಪಂಕ್ತಿಗೆ ಸೇರದ, ಚಿತ್ರವಿಮರ್ಶೆಯ ಮೂಲಕ್ಕೇ ಸಂಬಂಧಿಸಿದ ಕೆಲವು ಸಂಗತಿಗಳು ಹೊರಬೀಳುತ್ತವೆ. ‘ಇವನು ಅವನನ್ನು ಮೀರಿಸಿದನು’, ‘ಈ ಚಿತ್ರವು ಪ್ರಕೃತಿಯನ್ನೇ ಮೀರಿಸಿದೆ’ ಎಂಬ ಮಾತುಗಳು ಚಿತ್ರಗಳ ಪ್ರಶಂಸೆಯಲ್ಲಿ ಹೇರಳವಾಗಿ ಬರುತ್ತವೆ. ಇವುಗಳಲ್ಲಿ ಯಾವುದು ಅರ್ಥವುಳ್ಳದ್ದು, ಯಾವುದು ಬರಿಯ ಹೊಗಳಿಕೆ ಎಂಬುದು ಕ್ರಿಯಾಪದದ ಸ್ವರೂಪವನ್ನು ಅರಿತಲ್ಲದೆ ನಿರ್ಣಯವಾಗುವಂತಿಲ್ಲ.

ಮೊದಲು ‘ಮೀರು’ ಧಾತುವನ್ನು ನೋಡತಕ್ಕದ್ದು. ಇದು ಹಳಗನ್ನಡದಲ್ಲಿ ಶಕಟರೇಫಯುಕ್ತವಾದ ‘ಮೀಱು’. ತಮಿಳು ತೆಲುಗುಗಳಲ್ಲಿಯೂ ಇದೇ ಧಾತುವು ದಾಟುವುದು, ಅತಿಕ್ರಮಿಸುವುದು ಎಂಬ ಅರ್ಥದಲ್ಲಿ ಉಂಟಾದುದರಿಂದ ದ್ರಾವಿಡಭಾಷೆಗಳಿಗೆ ಸಾಧಾರಣವಾದ ಪ್ರಾಚೀನ ಧಾತುವೆಂಬುದು ಸ್ಪಷ್ಟ. ಇದರ ಕರ್ಮಪದವು ಸಾಮಾನ್ಯವಾಗಿ ಒಂದು ಎಲ್ಲೆ. ಆಜ್ಞೆಯನ್ನು ಮೀರುವುದು, ಮಾತನ್ನು ಮೀರುವುದು, ಮಿತಿಯನ್ನು ಮೀರುವುದು, ವೇಳೆ ಮೀರುವುದು, ಕೈ ಮೀರುವುದು ಎಂಬ ಪ್ರಯೋಗಗಳೆಲ್ಲವೂ ಈ ಜಾತಿಯವು. ಇನ್ನು ‘ಮೀರಿಸು’ ಎಂಬುದಕ್ಕೆ ಕರ್ಮವು ಎಲ್ಲೆಯಲ್ಲ, ಎದುರಾಳಿ. ‘ತಂದೆಯನ್ನು ಮೀರಿದ ಮಗ’ ಎಂದರೆ ಹೇಳಿದ ಮಾತು ಕೇಳದವನೆಂದು ಕನ್ನಡಿಗನು ಮೊದಲು ತಿಳಿಯುತ್ತಾನೆ. ‘ತಂದೆಯನ್ನು ಮೀರಿಸಿದ ಮಗ’ ಎಂದರೆ ಗುಣದಲ್ಲಿಯೋ ವಿದ್ಯೆಯಲ್ಲಿಯೋ ಅವನಿಗಿಂತ ಮೇಲಾದವನೆಂದು ತಿಳಿಯುತ್ತಾನೆ. ಮೊದಲನೆಯದು ನಿಂದೆ, ಎರಡನೆಯದು ಸ್ತುತಿ. ಚಿತ್ರಶಾಲೆಯಲ್ಲಿಯೂ ಹೀಗೆಯೇ. ‘ಶಿಷ್ಯನು ಗುರುವನ್ನು ಮೀರಿ ಬರೆದನು’ ಎಂದರೆ ಗುರು ಹಾಕಿಕೊಟ್ಟ ಕ್ರಮವನ್ನು ಬಿಟ್ಟನೆಂದು; ‘ಗುರುವನ್ನು ಮೀರಿಸಿ ಬರೆದನು’ ಎಂದರೆ ಆ ಕ್ರಮದಲ್ಲಿಯೇ ಗುರುವಿಗಿಂತ ಮುಂದೆ ಹೋದನೆಂದು. ಒಬ್ಬ ಚಿತ್ರಕಾರನು ತಾಳಮಾನವನ್ನು ಮೀರಬಹುದು, ತಾಳಮಾನವನ್ನು ಮೀರಿಸಲಾರನು.

ಈ ಭೇದಕ್ಕೆ ವ್ಯಾಕರಣದಲ್ಲಿಯೇ ಒಂದು ಪರೀಕ್ಷೆಯುಂಟು. ‘ಮೀರು’ ಎಂಬುದು ದ್ವಿತೀಯೆಯನ್ನೂ ಚತುರ್ಥಿಯನ್ನೂ ತೆಗೆದುಕೊಳ್ಳುತ್ತದೆ: ಮಿತಿಯನ್ನು ಮೀರಿದ, ಅಳತೆಗೆ ಮೀರಿದ, ಶಕ್ತಿಗೆ ಮೀರಿದ, ವರ್ಣನೆಗೆ ಮೀರಿದ. ‘ಮೀರಿಸು’ ಎಂಬುದಕ್ಕೆ ಚತುರ್ಥಿ ಸಲ್ಲುವುದೇ ಇಲ್ಲ. ‘ಅಳತೆಗೆ ಮೀರಿಸಿದ’, ‘ವರ್ಣನೆಗೆ ಮೀರಿಸಿದ’ ಎಂದು ಯಾರೂ ನುಡಿಯುವುದಿಲ್ಲ. ದಾಟುವ ಕ್ರಿಯೆಗೆ ಒಂದು ಅವಧಿ ಬೇಕು, ಆ ಅವಧಿಯು ಚತುರ್ಥಿಯಲ್ಲಿಯೂ ನಿಲ್ಲಬಲ್ಲದು. ಸ್ಪರ್ಧೆಯ ಕ್ರಿಯೆಗೆ ಎದುರಾಳಿ ಬೇಕು, ಅವನು ದ್ವಿತೀಯೆಯಲ್ಲಿಯೇ ನಿಲ್ಲತಕ್ಕವನು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ‘ಇಸು’ ಎಂಬುದು ಪ್ರೇರಣಾರ್ಥಕ ಪ್ರತ್ಯಯ. ಓಡು–ಓಡಿಸು, ಮಾಡು–ಮಾಡಿಸು ಎಂಬಂತೆ ಮೀರಿಸು ಎಂದರೆ ಮೀರುವಂತೆ ಮಾಡು ಎಂದೇ ಆಗಬೇಕಷ್ಟೆ ಎಂಬುದು ಒಂದು. ಇದಕ್ಕೆ ಸಮಾಧಾನವೇನೆಂದರೆ, ‘ಇಸು’ ಎಲ್ಲೆಡೆಯೂ ಪ್ರೇರಣೆಯನ್ನೇ ಹೇಳುವುದಿಲ್ಲ. ರಕ್ಷಿಸು, ಭಾವಿಸು ಎಂಬಲ್ಲಿ ಸಂಸ್ಕೃತಧಾತುಗಳನ್ನು ಕನ್ನಡದ ಕ್ರಿಯೆಗಳನ್ನಾಗಿ ಮಾಡುವುದಷ್ಟೇ ಅದರ ಕೆಲಸ. ಸಂಸ್ಕೃತದಲ್ಲಿಯೂ ಚುರಾದಿಗಣದ ಧಾತುಗಳಿಗೆ ಬರುವ ಣಿಚ್ ಪ್ರತ್ಯಯವು ಸ್ವಾರ್ಥದಲ್ಲಿಯೇ ಹೊರತು ಪ್ರೇರಣೆಯಲ್ಲಲ್ಲ. ಗೆಲ್ಲು–ಗೆಲ್ಲಿಸು ಎಂಬ ಜೋಡಿಯನ್ನು ಪಕ್ಕದಲ್ಲಿಟ್ಟರೆ ಇದು ಇನ್ನೂ ವಿಶದವಾಗುವುದು. ಒಬ್ಬನನ್ನು ಗೆಲ್ಲಿಸಿದರೆ ಗೆಲವು ಅವನದು. ಒಬ್ಬನನ್ನು ಮೀರಿಸಿದರೆ ಮೇಲ್ಮೆಯು ಮೀರಿಸಿದವನದೇ. ಆದುದರಿಂದ ‘ಮೀರಿಸು’ವಿನ ‘ಇಸು’ ಸ್ವಾರ್ಥಿಕವೆಂದೂ, ರೂಢಿಯಿಂದ ಅದಕ್ಕೆ ಸ್ಪರ್ಧಾರ್ಥವು ನಿಯತವಾಯಿತೆಂದೂ ತಿಳಿಯಬೇಕು.

‘ಇವನನ್ನು ಮೀರಿದ ಚಿತ್ರಕಾರನಿಲ್ಲ’ ಎಂಬಲ್ಲಿ ಕರ್ಮವು ವ್ಯಕ್ತಿಯೇ ಆಗಿದೆ, ಅರ್ಥವೂ ಸ್ತುತಿಯೇ. ಹೀಗಿರಲು ಭೇದವೆಲ್ಲಿ ಎಂಬುದು ಎರಡನೆಯ ಆಕ್ಷೇಪ. ಈ ಪ್ರಯೋಗವು ಸಾಧುವೇ. ಆದರೆ ಇಂತಹ ವಾಕ್ಯಗಳು ಬಹುಮಟ್ಟಿಗೆ ನಿಷೇಧರೂಪದಲ್ಲಿಯೇ ಬರುತ್ತವೆಂಬುದನ್ನು ಗಮನಿಸಬೇಕು. ಇಲ್ಲಿ ಆ ಚಿತ್ರಕಾರನು ಎದುರಾಳಿಯಲ್ಲ. ಅವನೇ ಎಲ್ಲೆಯಾಗಿ ಕಲ್ಪಿತನಾಗಿದ್ದಾನೆ. ಕಲೆಯು ಅವನವರೆಗೆ ಬಂದು ನಿಂತಿದೆ, ಆಚೆಗೆ ದಾಟಿದವರಿಲ್ಲವೆಂಬುದು ತಾತ್ಪರ್ಯ. ಆದಕಾರಣ ಈ ಪ್ರಯೋಗವು ಮೇಲಿನ ನಿಯಮಕ್ಕೆ ಬಾಧಕವಲ್ಲ, ಸಾಧಕವೇ.

ಸಂಸ್ಕೃತದಲ್ಲಿ ಈ ಎರಡು ಅರ್ಥಗಳಿಗೂ ‘ಅತಿ’ ಎಂಬ ಒಂದೇ ಉಪಸರ್ಗವು ನಿಲ್ಲುತ್ತದೆ. ಅತಿಕ್ರಾಮತಿ ಎಂದರೆ ದಾಟುತ್ತಾನೆ. ಅತಿಶೇತೇ ಎಂದರೆ ಮೀರಿಸುತ್ತಾನೆ. ಈ ಎರಡನೆಯದರ ಅವಯವಾರ್ಥವನ್ನು ನೋಡಿದರೆ ‘ಆಚೆಗೆ ಮಲಗುತ್ತಾನೆ’ ಎಂದಾಗುತ್ತದೆ. ರೂಢಿಯಲ್ಲಿ ಆ ಅರ್ಥವು ಸಂಪೂರ್ಣವಾಗಿ ಮರೆಯಾಗಿದೆ. ಪಾಣಿನಿಯು ‘ಅತಿ’ಯನ್ನು ಅತಿಕ್ರಮಣಾರ್ಥದಲ್ಲಿ ಕರ್ಮಪ್ರವಚನೀಯವೆಂದು ವಿಧಿಸಿದ್ದಾನೆ, ಕೃಷ್ಣನು ದೇವತೆಗಳನ್ನು ಮೀರಿಸಿದವನೆಂಬ ಅರ್ಥದ ವಾಕ್ಯವನ್ನು ಕೌಮುದೀಕಾರನು ಅದಕ್ಕೆ ಉದಾಹರಿಸುತ್ತಾನೆ. ಇದನ್ನೇ ಆಧಾರವಾಗಿಟ್ಟುಕೊಂಡು ‘ಔಟ್‌ಪೇಂಟ್’ ಎಂಬುದಕ್ಕೆ ‘ಅತಿಚಿತ್ರಿಸು’ ಎಂಬ ಹೊಸಪದವನ್ನು ಕಟ್ಟಬಹುದಲ್ಲವೆ ಎಂದರೆ, ಅದು ಯುಕ್ತವಲ್ಲ. ಕನ್ನಡದಲ್ಲಿ ‘ಅತಿ’ ಎಂಬುದು ಮೇರೆತಪ್ಪುವಿಕೆಯನ್ನೇ ಹೇಳುತ್ತದೆ. ‘ಅತಿಯಾಯಿತು’ ಎಂಬ ಮಾತು ಎಲ್ಲಿಯೂ ಪ್ರಶಂಸೆಯಲ್ಲ. ‘ಅತಿಚಿತ್ರಿಸಿದನು’ ಎಂದರೆ ಬೇಕಾದುದಕ್ಕಿಂತ ಹೆಚ್ಚು ಬಣ್ಣ ಬಳಿದು ಕೆಡಿಸಿದನೆಂದು ಓದುವವರು ತಿಳಿಯುವರು. ಹೊಗಳಲು ಹೊರಟ ಪದವು ತೆಗಳುವಂತಾಗುವುದು.

ಅತಿಶಯದ ವಿಷಯದಲ್ಲಿ ವೈಯಾಕರಣರು ಸ್ಥಾಪಿಸಿರುವ ಇನ್ನೊಂದು ತತ್ತ್ವವು ಈ ವಿಚಾರಕ್ಕೆ ಬಹಳ ಉಪಕಾರಿಯಾಗಿದೆ. ಅತಿಶಯವು ಗುಣಕ್ಕೆ, ಬರಿಯ ದ್ರವ್ಯಕ್ಕಲ್ಲ. ಒಂದು ಬಟ್ಟೆ ಮತ್ತೊಂದು ಬಟ್ಟೆಗಿಂತ ‘ಹೆಚ್ಚು ಬಟ್ಟೆ’ಯಾಗಲಾರದು, ಹೆಚ್ಚು ಬಿಳುಪಾಗಿರಬಹುದು, ಹೆಚ್ಚು ನವಿರಾಗಿರಬಹುದು. ಅದೇ ರೀತಿ ಒಬ್ಬ ಚಿತ್ರಕಾರನು ಮತ್ತೊಬ್ಬನನ್ನು ಮೀರಿಸಿದನೆಂದರೆ, ಯಾವುದರಲ್ಲಿ ಎಂಬ ಆಕಾಂಕ್ಷೆ ತಾನಾಗಿಯೇ ಏಳುತ್ತದೆ. ಆ ಆಕಾಂಕ್ಷೆಯನ್ನು ಪೂರೈಸುವುದು ಕನ್ನಡದಲ್ಲಿ ಸಪ್ತಮಿ: ರೇಖೆಯಲ್ಲಿ, ವರ್ಣದಲ್ಲಿ, ಪ್ರಮಾಣದಲ್ಲಿ, ಭಾವದಲ್ಲಿ. ಮೀರಿಸುವವನು, ಮೀರಿಸಲ್ಪಟ್ಟವನು, ಮೀರಿಸಿದ ವಿಷಯ ಎಂಬ ಈ ಮೂರೂ ಇಲ್ಲದೆ ‘ಮೀರಿಸು’ವಿನ ವಾಕ್ಯವು ಪೂರ್ಣವಾಗುವುದಿಲ್ಲ. ವಿಷ್ಣುಧರ್ಮೋತ್ತರ ಪುರಾಣದ ತೃತೀಯಖಂಡದಲ್ಲಿರುವ ಚಿತ್ರಸೂತ್ರದಲ್ಲಿ, ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ವರ್ತನೆಯೆಂಬ ನೆಳಲು–ಬೆಳಕಿನ ಕೆಲಸವನ್ನೂ, ಸ್ತ್ರೀಯರು ಭೂಷಣವನ್ನೂ, ಇತರ ಜನರು ಬಣ್ಣದ ಸಮೃದ್ಧಿಯನ್ನೂ ಮೆಚ್ಚುವರೆಂದು ಹೇಳಿದೆ. ಮೆಚ್ಚುವವರು ಬೇರೆಬೇರೆಯಾದಂತೆ ಮೆಚ್ಚುವ ವಿಷಯವೂ ಬೇರೆಯೆಂದಮೇಲೆ, ವಿಷಯವನ್ನು ಹೇಳದೆ ‘ಮೀರಿಸಿದನು’ ಎಂಬವನು ತಾನು ಈ ನಾಲ್ವರಲ್ಲಿ ಯಾರೆಂಬುದನ್ನೂ ಹೇಳದಂತಾಯಿತು.

ಚಿತ್ರಕಾರನು ಚಿತ್ರಕಾರನನ್ನು ಮೀರಿಸಿದ ಪ್ರಸಂಗಗಳು ಯವನರ ಚರಿತ್ರೆಯಲ್ಲಿ ಪ್ರಸಿದ್ಧವಾಗಿವೆ. ಕ್ರಿ. ಶ. ಒಂದನೆಯ ಶತಮಾನದ ರೋಮಕ ಪಂಡಿತ ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯ ೩೫ನೆಯ ಪುಸ್ತಕದಲ್ಲಿ ಇವನ್ನು ಸಂಗ್ರಹಿಸಿದ್ದಾನೆ. ಜ್ಯೂಕ್ಸಿಸನು ಬರೆದ ದ್ರಾಕ್ಷಿಯ ಗೊಂಚಲಿಗೆ ಹಕ್ಕಿಗಳು ಹಾರಿಬಂದುವು. ಪರ್ಹೇಸಿಯಸನು ಒಂದು ತೆರೆಯನ್ನು ಬರೆದನು. ಅದನ್ನು ನಿಜವಾದ ತೆರೆಯೆಂದು ತಿಳಿದು ಜ್ಯೂಕ್ಸಿಸನೇ ‘ತೆರೆಯನ್ನು ಸರಿಸಿ ಚಿತ್ರವನ್ನು ತೋರಿಸು’ ಎಂದನು. ಸಂಗತಿ ತಿಳಿದಮೇಲೆ, ತಾನು ಹಕ್ಕಿಗಳನ್ನು ಭ್ರಮೆಗೊಳಿಸಿದೆನು, ಅವನು ಚಿತ್ರಕಾರನನ್ನೇ ಭ್ರಮೆಗೊಳಿಸಿದನು ಎಂದು ಸೋಲನ್ನು ಒಪ್ಪಿದನು. ಇಲ್ಲಿ ವಿಷಯವು ಭ್ರಾಂತಿಜನಕತ್ವ, ಅಳತೆಗೋಲು ಭ್ರಾಂತನಾದವನ ಜ್ಞಾನ, ನಿರ್ಣಯಿಸಿದವನು ಸೋತವನೇ. ಮೂರು ಅಂಗಗಳೂ ಪೂರ್ಣವಾಗಿರುವುದರಿಂದ ‘ಮೀರಿಸಿದನು’ ಎಂಬ ಮಾತು ಇಲ್ಲಿ ಸಾರ್ಥಕ.

ಅಪೆಲ್ಲೀಸ್–ಪ್ರೊಟೊಜಿನೀಸರ ಕಥೆಯಲ್ಲಿ ವಿಷಯವು ರೇಖೆ. ರೋಡ್ಸ್ ದ್ವೀಪಕ್ಕೆ ಹೋದ ಅಪೆಲ್ಲೀಸನು, ಮನೆಯಲ್ಲಿಲ್ಲದ ಪ್ರೊಟೊಜಿನೀಸನ ಹಲಗೆಯ ಮೇಲೆ ಅತಿಸೂಕ್ಷ್ಮವಾದ ಒಂದು ಗೆರೆಯನ್ನೆಳೆದು ಹೋದನು. ಪ್ರೊಟೊಜಿನೀಸನು ಬಂದು ಆ ಗೆರೆಯ ಮೇಲೆಯೇ ಬೇರೆ ಬಣ್ಣದಿಂದ ಇನ್ನೂ ಸೂಕ್ಷ್ಮವಾದುದನ್ನು ಎಳೆದನು. ಅಪೆಲ್ಲೀಸನು ಮರಳಿ ಬಂದು ಮೂರನೆಯ ಬಣ್ಣದಿಂದ ಅವೆರಡನ್ನೂ ಸೀಳಿದನು. ಇನ್ನು ಸೂಕ್ಷ್ಮತೆಗೆ ಎಡೆಯೇ ಉಳಿಯಲಿಲ್ಲ. ಎದುರಾಳಿಯು ಸೋಲನ್ನೊಪ್ಪಿ ಅವನನ್ನು ಹುಡುಕಿಕೊಂಡು ಬಂದರಿಗೆ ಓಡಿದನು. ಇದೇ ಅಪೆಲ್ಲೀಸನು ಪ್ರೊಟೊಜಿನೀಸನ ಕೃತಿಯೊಂದನ್ನು ನೋಡಿ, ಉಳಿದುದರಲ್ಲೆಲ್ಲ ಅವನು ತನಗೆ ಸಮನು ಅಥವಾ ಮೇಲು, ಒಂದರಲ್ಲಿ ಮಾತ್ರ ತಾನು ಮೇಲು—ಹಲಗೆಯಿಂದ ಕೈಯನ್ನು ಯಾವಾಗ ತೆಗೆಯಬೇಕೆಂಬುದು ತನಗೆ ಗೊತ್ತು—ಎಂದನಂತೆ. ಅಳತೆಯ ವಿಷಯದಲ್ಲಿ ಅವನು ಆಸ್ಕ್ಲೆಪಿಯೊಡೋರಸನಿಗೆ ಸೋತುಕೊಡುತ್ತಿದ್ದನೆಂದೂ ಪ್ಲಿನಿಯು ಬರೆದಿದ್ದಾನೆ. ಲ್ಯಾಟಿನಿನಲ್ಲಿ ಇಲ್ಲಿ ಬಳಸಿರುವ ಕ್ರಿಯೆ ‘ಪ್ರೈಸ್ತಾರೆ’. ‘ಮುಂದೆ ನಿಲ್ಲು’ ಎಂಬುದು ಅದರ ಅವಯವಾರ್ಥ. ಸಂಸ್ಕೃತದವನು ಆಚೆಗೆ ಮಲಗುತ್ತಾನೆ, ರೋಮಕನು ಮುಂದೆ ನಿಲ್ಲುತ್ತಾನೆ, ಕನ್ನಡಿಗನು ದಾಟುತ್ತಾನೆ. ಧಾತ್ವರ್ಥಗಳು ಭಿನ್ನವಾದರೂ ‘ಇದೊಂದರಲ್ಲಿ’ ಎಂಬ ವಿಷಯನಿರ್ದೇಶವು ಮಾತ್ರ ಅನಿವಾರ್ಯ. ಜಗತ್ಪ್ರಸಿದ್ಧನಾದ ಚಿತ್ರಕಾರನೊಬ್ಬನು ತನ್ನ ಮೇಲ್ಮೆಯನ್ನು ಒಂದೇ ಒಂದು ಗುಣಕ್ಕೆ ಸೀಮಿತಗೊಳಿಸಿ, ಮತ್ತೊಂದು ಗುಣದಲ್ಲಿ ತನ್ನ ಕೀಳ್ಮೆಯನ್ನೊಪ್ಪಿದ ಈ ರೀತಿಯು ವಿಮರ್ಶಕರಿಗೆ ಅನುಕರಣೀಯ.

ಇನ್ನು ಚಿತ್ರಕ್ಕೂ ಚಿತ್ರಿತವಸ್ತುವಿಗೂ ಇರುವ ಸಂಬಂಧದಲ್ಲಿ ಈ ಕ್ರಿಯಾಪದವು ಸಲ್ಲುವುದೋ ಎಂಬುದನ್ನು ನೋಡಬೇಕು. ಕಾಳಿದಾಸನು ಎರಡು ನಾಟಕಗಳಲ್ಲಿ ಈ ಸಂದರ್ಭವನ್ನು ತಂದಿದ್ದಾನೆ. ಮಾಲವಿಕಾಗ್ನಿಮಿತ್ರದ ಎರಡನೆಯ ಅಂಕದಲ್ಲಿ, ಹಿಂದೆ ಚಿತ್ರದಲ್ಲಿ ಕಂಡಿದ್ದ ಮಾಲವಿಕೆಯನ್ನು ರಾಜನು ಪ್ರತ್ಯಕ್ಷವಾಗಿ ನೋಡುತ್ತಾನೆ. ಚಿತ್ರದ ಕಾಂತಿಯು ನಿಜಕ್ಕಿಂತ ಹೆಚ್ಚಾಗಿರಬಹುದೆಂದು ಅವನಿಗೆ ಮೊದಲು ಶಂಕೆಯಿತ್ತು. ಈಗ ನೋಡಿದರೆ ಬರೆದವನ ಸಮಾಧಿಯೇ ಸಡಿಲವಾಗಿತ್ತೆಂದು ತೋರುತ್ತದೆ. ಇಲ್ಲಿ ರಾಜನು ‘ರೂಪವು ಚಿತ್ರವನ್ನು ಮೀರಿಸಿತು’ ಎನ್ನುವುದಿಲ್ಲ. ದೋಷವನ್ನು ಬರೆದವನ ಏಕಾಗ್ರತೆಯ ಮೇಲೆ ಹೊರಿಸುತ್ತಾನೆ. ಸಮಾಧಿಯು ಬಿಗಿಯಾಗಿದ್ದರೆ ಚಿತ್ರವು ರೂಪವನ್ನು ಮುಟ್ಟುತ್ತಿತ್ತೆಂಬುದು ಅದರಿಂದ ವ್ಯಕ್ತವಾಗುವ ಅಭಿಪ್ರಾಯ. ಶಾಕುಂತಲದ ಆರನೆಯ ಅಂಕದಲ್ಲಿ ಬರೆದವನು ದುಷ್ಯಂತನೇ. ವಿದೂಷಕನು ಚಿತ್ರವನ್ನು ಕೊಂಡಾಡಿದರೂ ರಾಜನಿಗೆ ತೃಪ್ತಿಯಿಲ್ಲ. ಸರಿಯಿಲ್ಲದುದನ್ನು ತಿದ್ದಿದ್ದಾಗಿದೆ, ಆದರೂ ಆಕೆಯ ಲಾವಣ್ಯವು ರೇಖೆಯಲ್ಲಿ ಕಿಂಚಿತ್ತಾಗಿ ಮಾತ್ರ ಸೇರಿದೆಯೆಂದು ಅವನ ಭಾವನೆ. ಇಲ್ಲಿ ಏಕಾಗ್ರತೆಗೆ ಕೊರತೆಯಿಲ್ಲ. ವಿರಹಿಗಿಂತ ಏಕಾಗ್ರನಾದ ಚಿತ್ರಕಾರನು ಯಾರು? ಆದುದರಿಂದ ಕೊರತೆಯು ಬರೆದವನದಲ್ಲ, ರೇಖೆಯದೇ. ಒಬ್ಬನೇ ಕವಿಯು ಒಂದೆಡೆ ಚಿತ್ರಕಾರನ ಮೇಲೂ ಇನ್ನೊಂದೆಡೆ ಚಿತ್ರದ ಸಾಮರ್ಥ್ಯದ ಮೇಲೂ ನ್ಯೂನತೆಯನ್ನಿಟ್ಟಿದ್ದಾನೆ. ಎರಡು ಕಡೆಗಳಲ್ಲಿಯೂ ರೂಪ–ಚಿತ್ರಗಳನ್ನು ಸ್ಪರ್ಧಿಗಳನ್ನಾಗಿ ಮಾಡಿಲ್ಲವೆಂಬುದು ಗಮನಾರ್ಹ.

ಲಾವಣ್ಯವು ರೇಖೆಗೆ ಎಲ್ಲೆ, ಎದುರಾಳಿಯಲ್ಲ. ಆದಕಾರಣ ‘ಆಕೆಯ ಲಾವಣ್ಯವು ರೇಖೆಗೆ ಮೀರಿದ್ದು’ ಎಂದು ಕನ್ನಡದಲ್ಲಿ ಹೇಳಬಹುದು. ‘ರೇಖೆಯನ್ನು ಮೀರಿಸಿತು’ ಎನ್ನುವುದು ಸೊಗಸಲ್ಲ. ಹಾಗೆಯೇ ‘ಈ ಚಿತ್ರವು ಪ್ರಕೃತಿಯನ್ನೇ ಮೀರಿಸಿದೆ’ ಎಂಬ ಪ್ರಶಂಸೆಯೂ ಶಿಥಿಲ. ಮರವು ಚಿತ್ರ ಬರೆಯುವುದಿಲ್ಲ; ಚಿತ್ರವು ಹಣ್ಣು ಬಿಡುವುದಿಲ್ಲ. ಸಮಾನವಾದ ಗುಣವೊಂದು ಸಿದ್ಧವಾಗದೆ ಅತಿಶಯವು ಸಿದ್ಧಿಸದು. ಕಲ್ಯಾಣದ ಚಾಲುಕ್ಯಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧಚಿತ್ರವೆಂದೂ, ಬರೆಯುವವನ ಮನಸ್ಸಿಗೆ ತಟ್ಟನೆ ತೋರಿದಂತೆ ಬರೆದುದು ಅವಿದ್ಧಚಿತ್ರವೆಂದೂ ವಿಭಾಗಿಸಿದ್ದಾನೆ. ವಿದ್ಧಚಿತ್ರದ ಪರಮಾವಧಿಯು ಸಾದೃಶ್ಯವೇ. ಬಿಂಬವನ್ನು ಮೀರಿದ ಪ್ರತಿಬಿಂಬವು ತಪ್ಪು ಪ್ರತಿಬಿಂಬ. ಅವಿದ್ಧಕ್ಕಾದರೋ ಹೊರಗೆ ಬಿಂಬವೇ ಇಲ್ಲವಾದುದರಿಂದ ಮೀರಿಸುವ ಮಾತೇ ಏಳದು. ಹೀಗೆ ಎರಡು ಪಕ್ಷಗಳಲ್ಲಿಯೂ ಪ್ರಕೃತಿಯನ್ನು ‘ಮೀರಿಸುವ’ ಚಿತ್ರಕ್ಕೆ ಎಡೆಯಿಲ್ಲ.

ಕವಿಗಳು ಹೀಗೆ ಪ್ರಯೋಗಿಸುವರಲ್ಲಾ ಎಂದರೆ, ಅದಕ್ಕೂ ಸಮಾಧಾನವುಂಟು. ದಂಡಿಯು ಕಾವ್ಯಾದರ್ಶದ ಎರಡನೆಯ ಪರಿಚ್ಛೇದದಲ್ಲಿ ಸಾದೃಶ್ಯವಾಚಕಗಳನ್ನು ಎಣಿಸುವಾಗ ‘ಇವ’ ಮೊದಲಾದ ಅವ್ಯಯಗಳ ಜತೆಗೆ ಸ್ಪರ್ಧಿಸುತ್ತದೆ, ಗೆಲ್ಲುತ್ತದೆ, ನಿಂದಿಸುತ್ತದೆ, ನಗುತ್ತದೆ ಎಂಬರ್ಥದ ಕ್ರಿಯೆಗಳನ್ನೂ ಸೇರಿಸಿದ್ದಾನೆ. ಮುಖವು ಕಮಲವನ್ನು ಗೆಲ್ಲುತ್ತದೆಂದರೆ ಕಮಲದಂತಿದೆ ಎಂದೇ ಅರ್ಥ. ಹಳಗನ್ನಡದ ಕವಿಗಳ ಗೆಲ್, ಇೞಿಸು, ಏಳಿಸು ಎಂಬ ಕ್ರಿಯೆಗಳೂ ಎಷ್ಟೋ ಸಲ ಹೀಗೆಯೇ ಬರುತ್ತವೆ. ಕಾವ್ಯದಲ್ಲಿ ಇದು ಅಲಂಕಾರ. ಆದರೆ ವಿಮರ್ಶೆಯ ವಾಕ್ಯವು ನಿರ್ಣಯವಾಕ್ಯ. ಅಲ್ಲಿ ‘ಮೀರಿಸಿದೆ’ ಎಂದು ಬರೆದು ‘ಹೋಲುತ್ತದೆ’ ಎಂಬರ್ಥವನ್ನು ತೆಗೆದುಕೊಳ್ಳಿರೆಂದು ಕೇಳುವ ಹಕ್ಕು ವಿಮರ್ಶಕನಿಗಿಲ್ಲ. ಬಿರುದುಗಳೂ ಕಾವ್ಯದ ಪಕ್ಷಕ್ಕೇ ಸೇರಿದುವು. ಕ್ರಿ. ಶ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದ ರೂವಾರಿಗಳಲ್ಲಿ ಬಿರುದುಳ್ಳ ಇತರ ರೂವಾರಿಗಳೆಂಬ ಮದನನಿಗೆ ತಾವು ಮಹೇಶ್ವರರೆಂಬ ಬಗೆಯ ಬಿರುದುಗಳನ್ನು ಧರಿಸಿದವರುಂಟು. ಅದು ವೀರೋಚಿತವಾದ ಘೋಷಣೆ. ಯಾವ ರೂವಾರಿಯನ್ನು, ಯಾವ ಗುಣದಲ್ಲಿ ಎಂಬುದನ್ನು ಅದರಿಂದ ತಿಳಿಯಲಾಗದು. ತಿಳಿಯಬೇಕಾದರೆ ಅವರ ವಿಗ್ರಹಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡುವುದೇ ದಾರಿ.

ಈ ನಿಯಮದ ಪ್ರಯೋಜನವನ್ನು ಕನ್ನಡನಾಡಿಗೆ ಸಮೀಪವಾದ ಒಂದು ವಿವಾದದಲ್ಲಿ ಪರೀಕ್ಷಿಸಬಹುದು. ರಾಜಾ ರವಿವರ್ಮರ (೧೮೪೮–೧೯೦೬) ತೈಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ಮೈಸೂರು ಸೀಮೆಯವರೇ ಆದ ಕೆ. ವೆಂಕಟಪ್ಪನವರು (೧೮೮೬–೧೯೬೫) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು ಜಲವರ್ಣದಲ್ಲಿ ಪರಿಣತಿ ಪಡೆದವರು. ಆನಂದ ಕುಮಾರಸ್ವಾಮಿ ಮೊದಲಾದವರು ರವಿವರ್ಮರ ಕೃತಿಗಳಲ್ಲಿ ನಾಟಕೀಯತೆಯನ್ನು ದೋಷವಾಗಿ ಎಣಿಸಿದರು. ಮನೆಮನೆಯ ಗೋಡೆಗಳಾದರೋ ರವಿವರ್ಮರ ಪಕ್ಷವನ್ನೇ ಹಿಡಿದುವು. ಇವರಿಬ್ಬರಲ್ಲಿ ಯಾರು ಯಾರನ್ನು ಮೀರಿಸಿದರು ಎಂಬ ಪ್ರಶ್ನೆಗೆ ಹಾಗೆಯೇ ಉತ್ತರವಿಲ್ಲ. ತೈಲವರ್ಣದಿಂದ ಮೈಯ ಮಾಂಸಲತೆಯನ್ನೂ ಪಟ್ಟೆಯ ಮಿರುಗನ್ನೂ ತೋರಿಸುವುದರಲ್ಲಿ ಎಂದು ಕೇಳಿದರೆ ವೆಂಕಟಪ್ಪನವರು ಆ ಕಣಕ್ಕೇ ಇಳಿದವರಲ್ಲ. ಉದಕಮಂಡಲದ ಮಂಜನ್ನು ತೆಳುವಾದ ನೀರುಬಣ್ಣದ ಪದರುಗಳಲ್ಲಿ ಹಿಡಿಯುವುದರಲ್ಲಿ ಎಂದು ಕೇಳಿದರೆ ರವಿವರ್ಮರು ಅಲ್ಲಿ ಸ್ಪರ್ಧಿಯಲ್ಲ. ಪುರಾಣದ ಪಾತ್ರದಲ್ಲಿ ಭಾವವನ್ನು ನಿಲ್ಲಿಸುವುದರಲ್ಲಿ ಎಂದು ಕೇಳಿದಾಗ ಮಾತ್ರ ಇಬ್ಬರೂ ಒಂದೇ ಕಣದಲ್ಲಿ ನಿಲ್ಲುತ್ತಾರೆ. ಏಕೆಂದರೆ ವೆಂಕಟಪ್ಪನವರೂ ರಾಮಾಯಣದ ಪ್ರಸಂಗಗಳನ್ನು ಬರೆದಿದ್ದಾರೆ. ವಿವಾದವು ಅಲ್ಲಿ ನಡೆದರೆ ಫಲವುಂಟು. ಅದನ್ನು ಬಿಟ್ಟು ಸಪ್ತಮಿಯಿಲ್ಲದ ‘ಮೀರಿಸಿದರು’ ಎಂಬ ಮಾತನ್ನು ಎರಡು ಪಕ್ಷದವರೂ ಎಸೆಯುತ್ತಿದ್ದರೆ ಇಬ್ಬರು ಚಿತ್ರಕಾರರಿಗೂ ಅನ್ಯಾಯವೇ.

ಕೊನೆಯದಾಗಿ, ಆಂಗ್ಲಶಬ್ದಕ್ಕೆ ಈಚೆಗೆ ಬಂದಿರುವ ಹೊಸ ಅರ್ಥವೊಂದನ್ನು ಹೇಳಬೇಕು. ಗಣಕಯಂತ್ರವು ಒಂದು ಚಿತ್ರದ ಚೌಕಟ್ಟಿನ ಹೊರಗಿನ ಭಾಗವನ್ನು ತಾನೇ ಊಹಿಸಿ ಬರೆದು ಬೆಳೆಸುವುದಕ್ಕೂ ‘ಔಟ್‌ಪೇಂಟಿಂಗ್’ ಎಂಬ ಹೆಸರೇ ರೂಢವಾಗಿದೆ. ೨೦೨೨ರಲ್ಲಿ ಓಪನ್‌ಎಐ ಎಂಬ ಸಂಸ್ಥೆಯು ತನ್ನ ‘ಡಾಲ್‌-ಇ’ ಎಂಬ ಸಾಧನದಲ್ಲಿ ಈ ಸೌಕರ್ಯವನ್ನು ಸೇರಿಸಿತು; ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ವರ್ಮೀರನ ಮುತ್ತಿನೋಲೆಯ ಹುಡುಗಿಯ ಸುತ್ತ ಇಡೀ ಒಂದು ಕೋಣೆಯನ್ನು ಬೆಳೆಸಿ ಉದಾಹರಣೆಯಾಗಿ ತೋರಿಸಲಾಯಿತು. ಇಲ್ಲಿ ‘ಔಟ್’ ಎಂದರೆ ಹೊರಗೆ, ಎದುರಾಳಿಯಿಲ್ಲ, ಎಲ್ಲೆಯಿದೆ. ಆಂಗ್ಲದಲ್ಲಿ ಎರಡು ಅರ್ಥಗಳೂ ಒಂದೇ ರೂಪದಲ್ಲಿ ಬೆರೆತುಹೋಗಿವೆ. ಕನ್ನಡವಾದರೋ ಇವನ್ನು ಮೊದಲಿನಿಂದಲೂ ಬೇರ್ಪಡಿಸಿಟ್ಟಿದೆ. ಯಂತ್ರವು ಚೌಕಟ್ಟನ್ನು ಮೀರಿ ಬರೆಯಿತು. ವರ್ಮೀರನನ್ನು ಮೀರಿಸಿ ಬರೆಯಲಿಲ್ಲ. ಅವನ ಚಿತ್ರದ ಸುತ್ತ ಪಾತ್ರೆಪದಾರ್ಥಗಳನ್ನು ತುಂಬಿದ ಕೆಲಸವು ಮೇಲ್ಮೆಯೋ ಅಲ್ಲವೋ ಎಂಬುದನ್ನು, ಹಲಗೆಯಿಂದ ಕೈ ತೆಗೆಯುವ ಕಾಲವನ್ನು ಕುರಿತ ಅಪೆಲ್ಲೀಸನ ಮಾತನ್ನು ನೆನೆದು ಬಲ್ಲವರು ನಿರ್ಣಯಿಸಬಹುದು.

ಆದುದರಿಂದ ನಿಘಂಟುಕಾರರು ಈ ಶಬ್ದಕ್ಕೆ ಹೊಸ ಪದವನ್ನು ಕಟ್ಟುವ ಶ್ರಮವನ್ನು ತೆಗೆದುಕೊಳ್ಳಬೇಕಾದುದಿಲ್ಲ. ‘(ಒಬ್ಬನನ್ನು) ಚಿತ್ರ ಬರೆಯುವುದರಲ್ಲಿ ಮೀರಿಸು’ ಎಂದು ಮೊದಲನೆಯ ಅರ್ಥವನ್ನೂ, ‘ಚೌಕಟ್ಟನ್ನು ಮೀರಿ ಚಿತ್ರವನ್ನು ಬೆಳೆಸು’ ಎಂದು ಎರಡನೆಯ ಅರ್ಥವನ್ನೂ ಕೊಟ್ಟರೆ ಸಾಕು. ‘ಬರೆ’ ಎಂಬುದು ಅಕ್ಷರಕ್ಕೂ ಚಿತ್ರಕ್ಕೂ ಸಾಧಾರಣವಾದುದರಿಂದ ‘ಚಿತ್ರ’ ಎಂಬ ಪದವನ್ನು ಬಿಡತಕ್ಕದ್ದಲ್ಲ. ಒಂದು ಪದಕ್ಕೆ ಒಂದು ವಾಕ್ಯಖಂಡವೇ ಎಂದು ಸಂಕೋಚಪಡಬೇಕಾಗಿಲ್ಲ; ಆ ಖಂಡದಲ್ಲಿರುವ ‘ಅಲ್ಲಿ’ ಎಂಬ ಸಪ್ತಮೀಪ್ರತ್ಯಯವೇ ಆಂಗ್ಲಪದವು ಹೇಳದೆ ಬಿಟ್ಟ ಅಂಶವನ್ನು ಹೇಳುತ್ತದೆ. ಚಿತ್ರವಿಮರ್ಶೆಯನ್ನು ಬರೆಯುವವರು ‘ಮೀರಿಸು’ ಎಂಬ ಕ್ರಿಯೆಯನ್ನು ಬಳಸುವ ಮುನ್ನ ಯಾರನ್ನು, ಯಾವುದರಲ್ಲಿ ಎಂಬೆರಡು ಪ್ರಶ್ನೆಗಳಿಗೆ ಉತ್ತರವನ್ನು ಸಿದ್ಧಪಡಿಸಿಕೊಂಡರೆ ಪ್ರಶಂಸೆಯೂ ದೂಷಣೆಯೂ ತಮ್ಮ ತಮ್ಮ ಸ್ಥಾನಗಳಲ್ಲಿ ನಿಲ್ಲುವುವು.